ಮಂಗಳವಾರದ ದಂಡೆ

ದಂಡೆಯಲ್ಲಿ ಒಬ್ಬ ಹೆಂಗಸೂ ಇಲ್ಲದ್ದನ್ನು ಕಂಡು ಅರಾಬಾಳಿಗೆ ಮೊದಲು ಹಿಗ್ಗೇ ಆಯಿತು. ತಾನೇ ಎಲ್ಲರಿಗಿಂತ ಮೊದಲು ಬಂದೆ ಎಂದುಕೊಂಡಳು. ತಲೆಯ ಮೇಲೆ ಬೋಗುಣಿ, ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿಕೊಂಡ ಮೊಮ್ಮಗಳು, ಕಾಲ ಕೆಳಗೆ ಇನ್ನೂ ಬಿಸಿಯೇರದ ಮರಳು. ಮೊದಲ ದೋಣಿ ಯಾರದ್ದಾದರೂ ಸರಿ, ಅದರ ಬೂತಾಯಿ ಮೀನು ತನ್ನ ಬೋಗುಣಿಗೆ ಬಿದ್ದ ಮೇಲೇ ಉಳಿದವರಿಗೆ. ಆದರೆ ಆ ಹಿಗ್ಗಿನೊಳಗೆ, ಅನ್ನದಲ್ಲಿ ಸಿಗುವ ಹಾಗೆ, ಒಂದು ಕಿರುಗಲ್ಲು ಹಲ್ಲಿಗೆ ಸಿಕ್ಕಿತು. ದೋಣಿಗಳೆಲ್ಲ ದಂಡೆಯ ಮೇಲೇ ಇದ್ದವು, ಬಣ್ಣ ಬಳಿದ ಮೂತಿಗಳನ್ನು ಮರಳಿಗೂರಿಕೊಂಡು, ಹೊಟ್ಟೆ ತುಂಬಿ ಮಲಗಿದ ದನಗಳ ಹಾಗೆ. ಕಡಲಿಗೆ ಹೋಗದ ದೋಣಿ ಕಡಲಿನಿಂದ ಬರುವುದು ಹೇಗೆ ಎಂಬ ಯೋಚನೆ ಅವಳಿಗೆ ಬರಲಿಲ್ಲ. ಬಂದದ್ದು ಬೇರೆಯದು: ಎಲ್ಲ ದೋಣಿಯೂ ಬಂದು ಮೀನು ಇಳಿಸಿ ಆಗಿಹೋಗಿದೆ, ಹೆಂಗಸರೆಲ್ಲ ತನಗೊಂದು ಮಾತು ಹೇಳದೆ ಹೊತ್ತುಕೊಂಡು ಹೋಗಿದ್ದಾರೆ. ಅಬಾ ಕ್ವಾನ್ಸಿಮಾ ಕೂಡ. ತನ್ನ ಹಾಗೇ ಮೀನಿಗೆ ಹೊಗೆ ಹಾಕುವ ಪಕ್ಕದ ಒಲೆಯವಳು, ಕೆಂಡಕ್ಕೆ ಬರುವವಳು, ಉಪ್ಪಿಗೆ ಬರುವವಳು, ಒಂದು ಕೂಗು ಹಾಕಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಈಚೆಗೆ ಎಲ್ಲರೂ ಹೀಗೇ. ತಾನು ಹತ್ತಿರ ಹೋಗುತ್ತಲೇ ಆಡುತ್ತಿದ್ದ ಮಾತನ್ನು ನುಂಗಿಕೊಂಡು ಸೌದೆಯ ಮಾತು ತೆಗೆಯುತ್ತಾರೆ. ಅಥವಾ ಮೊದಲಿನಿಂದಲೂ ಸೌದೆಯ ಮಾತನ್ನೇ ಆಡುತ್ತಿರುತ್ತಾರೋ, ತನಗೆ ಅರ್ಧ ಮಾತ್ರ ಕೇಳಿಸುತ್ತದೋ. ಎಡಗಿವಿ ಮಂದವಾಗಿದೆ ಎಂದು ಆಸ್ಪತ್ರೆಯ ನರ್ಸಮ್ಮ ಹೇಳಿದ್ದು ನೆನಪಾಗಿ, ಆ ನೆನಪು ಸರಿಯಾಗಿ ಬಂದದ್ದಕ್ಕೆ ಒಂದು ಚೂರು ಸಮಾಧಾನವಾಯಿತು.

ಬೆನ್ನ ಮೇಲಿನ ಮಗು ಕೊಸರಿತು. ಮೂರು ತುಂಬಿದ ಹುಡುಗಿ. ಭಾರ ಈಗ ಸೊಂಟಕ್ಕೆ ಜಗ್ಗುತ್ತದೆ. ಹೆಸರು ಎಸಿ, ಅರಾಬಾಳ ಸತ್ತ ತಾಯಿಯ ಹೆಸರು. ಹಿರಿಯರ ಹೆಸರು ಹೊತ್ತ ಕೂಸನ್ನು ಗದರುವ ಹಾಗಿಲ್ಲ, ಆದ್ದರಿಂದ ಅವಳು ಮೊಮ್ಮಗಳನ್ನು ಅವ್ವ ಎಂದೇ ಕರೆಯುತ್ತಾಳೆ. ಬಾ ಅವ್ವ, ತಿನ್ನು ಅವ್ವ. ಕೂಸು ತಿರುಗಿ ಏನೂ ಅನ್ನುವುದಿಲ್ಲ. ಬೆರಳು ತೋರಿಸುತ್ತದೆ, ಕೈ ಹಿಡಿದು ಎಳೆಯುತ್ತದೆ, ನಗುತ್ತದೆ, ಮಾತು ಮಾತ್ರ ಇಲ್ಲ. ಈಗ ಇಳಿಯಬೇಕೆಂದು ಮಂಡಿಯಿಂದ ಪಕ್ಕೆಗೆ ಒದೆಯುತ್ತಿತ್ತು. ಒಂದು ದೋಣಿಯ ನೆರಳಲ್ಲಿ ಮೀನುಗಾರ ಪಾ ಒಟೂ ಬಲೆ ಹರಡಿಕೊಂಡು ಹೊಲಿಯುತ್ತ ಕೂತಿದ್ದ. ಆಚೆಗೆ ಇನ್ನಿಬ್ಬರು ಹಗ್ಗ ಹೊಸೆಯುತ್ತಿದ್ದರು. ಅರಾಬಾ ಬಟ್ಟೆ ಸಡಿಲಿಸಿ ಮಗುವನ್ನು ಬಲೆಯ ಪಕ್ಕ ಇಳಿಸಿದಳು.

"ಇವಳ ಮೇಲೆ ಒಂದು ಕಣ್ಣಿಡಪ್ಪಾ, ನೀರಿನ ತನಕ ಹೋಗಿ ನೋಡ್ಕೊಂಡು ಬರ್ತೀನಿ."

"ಏನು ನೋಡ್ತೀಯೇ?"

ಅವಳು ಆಗಲೇ ತಿರುಗಿದ್ದಳು. ಸಡಿಲಿಸಿದ ಬಟ್ಟೆಯನ್ನು ಎದೆಯ ಮೇಲೆ ಮತ್ತೆ ಬಿಗಿದು ನೀರಿನ ಅಂಚಿಗೆ ನಡೆದಳು. ಕಡಲು ಬರಿದಾಗಿತ್ತು. ಹಾಯಿಯಿಲ್ಲ, ಮೋಟಾರಿನ ಸದ್ದಿಲ್ಲ, ದೂರದಲ್ಲಿ ಒಂದು ಕಪ್ಪು ಚುಕ್ಕಿ ಕೂಡ ಇಲ್ಲ. ಇಷ್ಟು ಖಾಲಿ ಕಡಲು ಎಂದಾದರೂ ಇರುತ್ತದೆಯೆ? ಇರುತ್ತದೆ, ಎಂದೋ ಇರುತ್ತದೆ ಎಂದು ಒಳಗೆ ಯಾರೋ ಹೇಳುತ್ತಿದ್ದರು, ಆದರೆ ಯಾವಾಗ ಎಂದು ಹೇಳುತ್ತಿರಲಿಲ್ಲ. ಗೊತ್ತಿರುವ ಮನೆಯ ಬಾಗಿಲೇ, ಚಿಲಕ ಮಾತ್ರ ಕೈಗೆ ಸಿಗುತ್ತಿಲ್ಲ. ಅವಳು ತಿರುಗಿ ಕೂಗಿದಳು.

"ಯಾಕೋ ಇನ್ನೂ ಒಂದು ದೋಣೀನೂ ಬಂದಿಲ್ಲ?"

ಹಗ್ಗ ಹೊಸೆಯುತ್ತಿದ್ದವರು ತಲೆಯೆತ್ತಿದರು. ಆಮೇಲೆ ಒಬ್ಬ ನಕ್ಕ, ಇನ್ನೊಬ್ಬ ಹಗ್ಗ ಬಿಟ್ಟು ತೊಡೆ ತಟ್ಟಿಕೊಂಡ.

"ಅಕ್ಕಾ, ಕಡಲವ್ವ ಇವತ್ತು ತಲೆ ಬಾಚ್ಕೊತಾ ಕೂತವ್ಳೆ. ನೀನು ಮೀನು ಕೇಳ್ತಿದೀಯಲ್ಲ!"

"ಮಂಗಳವಾರ ಕಣೇ ಇವತ್ತು," ಎಂದ ಪಾ ಒಟೂ. "ಮಂಗಳವಾರ ಹುಟ್ಟಿದೋಳು ಅಂತ ನಿಂಗೆ ಅರಾಬಾ ಅಂತ ಹೆಸರಿಟ್ಟವರು ಎದ್ದು ಬಂದ್ರೆ ಏನಂತಾರೆ? ನಿನ್ನ ವಾರವೇ ನಿಂಗೆ ಗೊತ್ತಿಲ್ವಾ?"

ಮಂಗಳವಾರ. ಮಂಗಳವಾರ ಯಾರೂ ಕಡಲಿಗಿಳಿಯುವುದಿಲ್ಲ. ಅವಳಿಗೆ ನಡೆಯಲು ಬರುವ ಮೊದಲೇ ಗೊತ್ತಿದ್ದ ಸಂಗತಿ. ಮೋರೀ ಎಂಬ ಈ ಊರಿನ ನಾಯಿಗಳಿಗೂ ಗೊತ್ತು, ಆವತ್ತು ಅವು ದಂಡೆಗೆ ಬರುವುದಿಲ್ಲ. ಮುಖಕ್ಕೆ ರಕ್ತ ನುಗ್ಗಿದ್ದು ಕೆನ್ನೆಯಲ್ಲಿ ತಿಳಿಯಿತು. ಬಾಯಿ ಮಾತ್ರ ಹಳೆಯ ಚುರುಕಿನಲ್ಲೇ ಓಡಿತು. "ಗೊತ್ತಿಲ್ದೆ ಏನ್ರೋ, ನೀವು ಬಲೆ ಹೊಲೀತಿದೀರೋ ಬಾಯಿ ಬಿಟ್ಕೊಂಡು ಬಿದ್ದಿದೀರೋ ನೋಡೋಣ ಅಂತ ಬಂದೆ. ನಾಳೆ ತೂತು ಬಲೇಲಿ ಮೀನೆಲ್ಲ ಸೋರಿಹೋದ್ರೆ ತಣ್ಣಗೆ ಬೀಳೋದು ನನ್ನೊಲೆ ತಾನೆ?" ಅವರು ಇನ್ನಷ್ಟು ನಕ್ಕರು, ಈ ಸಲ ಅವಳ ಜೊತೆಗೆ ನಕ್ಕ ಹಾಗೆ. ನಂಬಿದರೋ, ನಂಬಿದಂತೆ ಮಾಡಿದರೋ. ಆ ನಗು ತನ್ನ ಬೆನ್ನಿಗೆ ಅಂಟುವ ಮೊದಲು ಅಲ್ಲಿಂದ ಹೋಗಬೇಕೆನ್ನಿಸಿ ಅರಾಬಾ ಬೋಗುಣಿಯನ್ನು ತಲೆಗೇರಿಸಿ ಏರು ಹತ್ತತೊಡಗಿದಳು. ಬಟ್ಟೆ ಎದೆಗೆ ಬಿಗಿದ ಹಾಗೇ ಇತ್ತು, ಬೆನ್ನಿನಲ್ಲಿ ಮಗುವಿನ ಬಿಸಿ ಇನ್ನೂ ಇತ್ತು. ಮಗು ದೋಣಿಯ ನೆರಳಲ್ಲಿ ಉಳಿಯಿತು.

ದಾರಿಯುದ್ದಕ್ಕೂ ಅವಳು ಮಂಗಳವಾರವನ್ನು ಜೋಪಾನ ಮಾಡಿಕೊಂಡು ನಡೆದಳು, ತುಂಬಿದ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದವರ ಹಾಗೆ. ಮಂಗಳವಾರ, ನೆನ್ನೆ ಸೋಮವಾರ, ನಾಳೆ ಮೀನು. ಮಂಗಳವಾರಕ್ಕೆ ಇನ್ನೇನೋ ಇತ್ತು, ಯಾರೋ ಬರುವುದಿತ್ತು. ಆಸ್ಪತ್ರೆಯ ಬೆಂಚಿನ ತಣ್ಣಗಿನ ಕಬ್ಬಿಣ ತೊಡೆಗೆ ತಾಗಿದ ಹಾಗಾಯಿತು. ಆವತ್ತು ಮಗಳು ಎಕುವಾ ಅವಳನ್ನೂ ಕೂಸನ್ನೂ ಒಟ್ಟಿಗೆ ಕರೆದುಕೊಂಡು ಹೋಗಿದ್ದಳು. ನರ್ಸಮ್ಮ, ಹಗನ್ ಎಂದು ಹೆಸರು, ಒಳ್ಳೆಯವಳು, ಉಗುರಿಗೆ ಬಣ್ಣವಿಲ್ಲ. ಕೂಸಿನ ಕಿವಿಯ ಹಿಂದೆ ಚಿಟಿಕೆ ಹೊಡೆದಳು, ಕಣ್ಣಿನ ಒಳರೆಪ್ಪೆ ಮಗುಚಿದಳು, ಹುಟ್ಟಿದಾಗಿನಿಂದ ಎಲ್ಲಿ ಬೆಳೆದಿದೆ ಎಂದು ಕೇಳಿದಳು. ಎಲ್ಲಿ ಬೆಳೆಯುತ್ತದೆ, ನನ್ನ ಬೆನ್ನ ಮೇಲೆ. ನೀವು ಎಲ್ಲಿರ್ತೀರಿ? ಒಲೆಯ ಮುಂದೆ. ಮೀನಿಗೆ ಹೊಗೆ ಹಾಕುವವಳು ಇನ್ನೆಲ್ಲಿರುತ್ತಾಳೆ. ನರ್ಸಮ್ಮ ಅದನ್ನು ಬರೆದುಕೊಂಡಳು. ಆಮೇಲೆ ಹೇಳಿದಳು: ಎಳೆ ಮೆದುಳಿಗೆ ಹೊಗೆ ಒಳ್ಳೆಯದಲ್ಲಮ್ಮ, ಹಳೆ ಮೆದುಳಿಗೂ ಒಳ್ಳೆಯದಲ್ಲ.

ಹಳೆ ಮೆದುಳು ಎಂದದ್ದು ತನಗೆ. ಆಗ ಅರಾಬಾ ಬಹಳ ದಿನದಿಂದ ಕಟ್ಟಿಕೊಂಡಿದ್ದ ಪ್ರಶ್ನೆಯನ್ನು ಬಿಚ್ಚಿದ್ದಳು. ನನ್ನ ಮರೆವು ಹೊಗೆಯಿಂದ ಬಂದದ್ದೋ, ನನ್ನವ್ವನಿಂದ ಬಂದದ್ದೋ? ನನ್ನವ್ವನಿಗೂ ಹೀಗೇ ಆಗಿತ್ತು. ನರ್ಸಮ್ಮ ಬೆರಳು ಮಡಿಸಲು ಶುರುಮಾಡಿದಳು. ರಕ್ತದ ಒತ್ತಡ ಹೆಚ್ಚಿದೆ, ಮಾತ್ರೆ ಅರ್ಧ ಮುರಿದು ತಗೋತೀರಂತೆ, ಅದೂ ಇರಬಹುದು. ಕಿವಿ ಮಂದವಾದರೆ ತಲೆಯೂ ಮಂಕಾಗುತ್ತದೆ. ನಿದ್ದೆ ಕಮ್ಮಿ. ಗಂಡ ಹೋದ ಮೇಲೆ ಯಾರ ಜೊತೆಗಾದರೂ ಕೂತು ಮಾತಾಡ್ತೀರಾ? ತಾಯಿಯ ಕಡೆಯದೂ ಇರಬಹುದು. ಎಲ್ಲಾ ಇರಬಹುದಮ್ಮ, ಒಂದೊಂದು ಚೂರು. ಒಂದು ಚೂರು! ಮೀನಿಗೆ ಉಪ್ಪು ಹೆಚ್ಚಾದರೆ ಉಪ್ಪು ಹೆಚ್ಚಾಯಿತು ಅನ್ನುತ್ತೇವೆ, ಎಲ್ಲಾ ಇರಬಹುದು ಅನ್ನುತ್ತೇವೆಯೇ? ಅವಳಿಗೆ ಒಂದೇ ಉತ್ತರ ಬೇಕಿತ್ತು, ಯಾವುದಾದರೂ ಒಂದು. ಹೊಗೆಯೇ ಕಾರಣವಾದರೆ ತಾನು ಮುದ್ದು ಮಾಡಿ ಹೊತ್ತದ್ದೆಲ್ಲ ಕೂಸಿನ ಮಾತನ್ನು ಸುಟ್ಟದ್ದೇ ಆಯಿತು, ಅದನ್ನು ಅದರ ತಾಯಿ ಎಕುವಾಳ ಜೊತೆ ಕಳಿಸಲೇಬೇಕು. ಅವ್ವನ ರಕ್ತವೇ ಕಾರಣವಾದರೆ ಕೂಸಿಗೆ ತನ್ನಿಂದ ಏನೂ ಆಗಿಲ್ಲ, ಅದು ತಡವಾಗಿ ಮಾತಾಡುವ ಜಾತಿ ಅಷ್ಟೆ, ತನ್ನ ಜೊತೆಯೇ ಇರಬಹುದು. ಆದರೆ ಅವ್ವನ ರಕ್ತವಾದರೆ, ಅವ್ವ ಕೊನೆಕೊನೆಗೆ ಹೇಗಿದ್ದಳು? ಬೆಳಕು ಹರಿದ ಮೇಲೆ ದಂಡೆಯಲ್ಲಿ ಒದ್ದೆ ಬಟ್ಟೆಯಲ್ಲಿ ಕೂತಿರುತ್ತಿದ್ದಳು, ಯಾರಿಗೋ ಕಾಯುತ್ತ. ನೀನೇನು ಕೂಸೇ ಎಂದು ಎಲ್ಲರೆದುರಿಗೆ ತಾನೇ ರಟ್ಟೆ ಹಿಡಿದು ಎಬ್ಬಿಸಿದಾಗ ಅವ್ವ ನಕ್ಕಿದ್ದಳು, ತುಂಬ ಮರ್ಯಾದೆಯಿಂದ, ಪರಿಚಯವಿಲ್ಲದವರಿಗೆ ನಗುವ ಹಾಗೆ. ಆ ನಗುವಿಗಿಂತ ಬೈದಿದ್ದರೆ ಚೆನ್ನಾಗಿತ್ತು. ಅರಾಬಾ ಹೆಜ್ಜೆ ಜೋರು ಮಾಡಿದಳು. ಮಂಗಳವಾರ, ಮಂಗಳವಾರ.

ಅಂಗಳದಲ್ಲಿ ಅಬಾ ಕ್ವಾನ್ಸಿಮಾ ತನ್ನ ಒಲೆಗೆ ಕೆಮ್ಮಣ್ಣು ಮೆತ್ತುತ್ತ ಕೂತಿದ್ದಳು, ಮೊಣಕೈವರೆಗೆ ಕೆಂಪು. ಬೋಗುಣಿಯನ್ನೂ ಅರಾಬಾಳ ಮುಖವನ್ನೂ ನೋಡಿ ಏನೋ ಕೇಳಹೊರಟವಳು ಕೇಳಲಿಲ್ಲ. "ನಿನ್ನ ಮಗಳು ಬಂದವ್ಳೆ," ಎಂದಳಷ್ಟೆ, ಗಲ್ಲದಿಂದ ತೋರಿಸುತ್ತ.

ಹೌದು, ಎಕುವಾ. ಮಂಗಳವಾರ ಬರುತ್ತೇನೆ, ಆಗ ನಿನ್ನ ಉತ್ತರ ಹೇಳು ಎಂದಿದ್ದಳಲ್ಲ. ಬಾಗಿಲ ಪಕ್ಕದ ಮಣೆಯ ಮೇಲೆ ಕೂತಿದ್ದಾಳೆ, ಟಕೊರಾಡಿ ಪೇಟೆಯಿಂದ ಟ್ರೋಟ್ರೋ ವ್ಯಾನಿನಲ್ಲಿ ಬಂದ ಧೂಳು ಇನ್ನೂ ಕಾಲಿನಲ್ಲಿದೆ. ಅಲ್ಲಿ ಅವಳು ಹೆಂಗಸರ ಕೂದಲು ಹೆಣೆಯುತ್ತಾಳೆ. ಮೊದಲು ಅಂಗಡಿಯಲ್ಲೇ ಮಲಗುತ್ತಿದ್ದಳು, ಈಗ ಕಿಟಕಿ ಇರುವ ಒಂದು ಕೋಣೆ ಹಿಡಿದಿದ್ದಾಳೆ. ಅದಕ್ಕೇ ಮಗಳನ್ನು ಕೊಡು ಎಂದು ಕೇಳುತ್ತಿರುವುದು. ತೊಡೆಯ ಮೇಲೆ ಎಲೆಯಲ್ಲಿ ಸುತ್ತಿದ ಕೆಂಕಿಯ, ಹುಳಿಬಂದ ಮೆಕ್ಕೆಜೋಳದ ಹಿಟ್ಟಿನ ಮುದ್ದೆಗಳು, ಇನ್ನೂ ಹಬೆಯಾಡುತ್ತಿದ್ದವು.

"ಅಮ್ಮಾ, ಎಲ್ಲಿ ಹೋಗಿದ್ದೆ? ಎಸಿ ಎಲ್ಲಿ?"

ಅರಾಬಾಳ ಕೈ ಬೆನ್ನಿಗೆ ಹೋಯಿತು, ಬಟ್ಟೆಯನ್ನು ಮುಟ್ಟಿ ನಿಂತಿತು. ಆ ಗಳಿಗೆಯಲ್ಲಿ ಅವಳಿಗೆ ಒಳಗಿನ ಚಾಪೆ ಕಾಣಿಸಿತು, ಚಾಪೆಯ ಮೇಲೆ ಮುದುರಿ ಮಲಗಿದ ಕೂಸು, ಬಾಯಿಯಲ್ಲಿ ಎರಡು ಬೆರಳು. ಅಷ್ಟು ಸ್ಪಷ್ಟವಾಗಿ ಕಂಡದ್ದು ಸುಳ್ಳಾಗಲು ಸಾಧ್ಯವೇ ಇರಲಿಲ್ಲ. "ಒಳಗೆ ಮಲಗಿದೆ," ಎಂದಳು. "ಎಬ್ಬಿಸ್ಬೇಡ."

"ಮಲಗ್ಲಿ ಬಿಡು. ನಾವು ಮಾತಾಡೋಣ." ಎಕುವಾ ಎಲೆ ಬಿಚ್ಚಿ ಮೆಣಸಿನ ಚಟ್ನಿ ಮುಂದಿಟ್ಟಳು. "ತಿನ್ನು. ಬೆಳಿಗ್ಗೆ ಮಾತ್ರೆ ತಗೊಂಡ್ಯಾ?"

"ತಗೊಂಡೆ."

"ಪೂರ್ತೀನಾ ಅರ್ಧಾನಾ?"

"ನೀನೇನು ಪೊಲೀಸಾ?" ಅಬಾ ಆಚೆಯಿಂದ ಕಿಸಕ್ಕೆಂದಳು. ಅದರಿಂದ ಬಲ ಬಂದವಳ ಹಾಗೆ ಅರಾಬಾ ಮಣೆ ಎಳೆದುಕೊಂಡು ಕೂತಳು. ಈ ಮಾತನ್ನು ಅವಳು ಮನಸ್ಸಿನಲ್ಲಿ ಎಷ್ಟೋ ಸಲ ಆಡಿ ಹದಮಾಡಿಟ್ಟುಕೊಂಡಿದ್ದಳು, ಅದು ಮರೆತಿರಲಿಲ್ಲ. "ನೋಡೇ ಎಕುವಾ, ನಾನು ಹುಟ್ಟಿದ್ದು ಹೊಗೇಲಿ. ನೀನು ಬೆಳೆದದ್ದು ಇದೇ ಬೆನ್ನ ಮೇಲೆ, ಇದೇ ಒಲೆ ಮುಂದೆ. ನಿನ್ನ ಬುದ್ಧಿಗೇನಾಯ್ತು? ಊರಿಗೆಲ್ಲ ಬುದ್ಧಿ ಹೇಳೋ ಅಷ್ಟು ಬೆಳೆದಿದೀಯ."

"ನಾನು ನಿನ್ನ ಜೊತೆ ಜಗಳಕ್ಕೆ ಬಂದಿಲ್ಲಮ್ಮ."

"ಅಲ್ಲಿ ನೀನು ದಿನವಿಡೀ ಬೇರೆಯವರ ತಲೆ ಹಿಡ್ಕೊಂಡಿರ್ತೀಯ. ಇವಳನ್ನ ಯಾರು ಹಿಡ್ಕೊತಾರೆ?"

"ಪಕ್ಕದಲ್ಲೇ ಬಾಲವಾಡಿ ಇದೆ. ಮಕ್ಕಳು ಇದಾವೆ. ಮಕ್ಕಳ ಜೊತೆ ಬಿದ್ರೆ ಮಾತು ಬರುತ್ತೆ ಅಂದ್ರು ನರ್ಸಮ್ಮ, ನೀನೂ ಕೇಳಿಸ್ಕೊಂಡೆ. ಇಲ್ಲಿ ಅವಳಿಗೆ ನೀನು, ಬೆಂಕಿ, ಮೀನು. ಇಷ್ಟೇ." ಎಕುವಾ ಧ್ವನಿ ತಗ್ಗಿಸಿದಳು. "ಅಜ್ಜಿಗೆ ಏನಾಯ್ತು ಅಂತ ನಂಗೆ ನೆನಪಿದೆ ಅಮ್ಮ. ಆವಾಗ ನಾನು ಚಿಕ್ಕೋಳು, ಆದ್ರೆ ನೆನಪಿದೆ."

ಅಜ್ಜಿ, ಎಸಿ, ಅವ್ವ. ದಂಡೆಯಲ್ಲಿ ಒದ್ದೆ ಬಟ್ಟೆಯಲ್ಲಿ ಕೂತಿರುವ ಅವ್ವ. ಅರಾಬಾ ಕೆಂಕಿಯ ತುತ್ತನ್ನು ಬಾಯಿಗಿಟ್ಟುಕೊಂಡು ಅಗಿಯುವುದನ್ನು ಮರೆತಳು. ಬೆನ್ನು ತಣ್ಣಗಿತ್ತು. ಯಾವಾಗಿನಿಂದಲೋ ತಣ್ಣಗಾಗುತ್ತ ಬಂದಿತ್ತು, ಈಗ ಬೆವರು ಆರಿ ಗಾಳಿ ತಾಗುತ್ತಿತ್ತು. ಮಗುವನ್ನು ಚಾಪೆಯ ಮೇಲೆ ಮಲಗಿಸಿದ್ದು ಇವತ್ತೋ ನೆನ್ನೆಯೋ? ಚಾಪೆಯ ಪಕ್ಕದಲ್ಲಿ ದೀಪವಿತ್ತಲ್ಲ, ಹಾಗಾದರೆ ಅದು ಬೆಳಿಗ್ಗೆಯದಲ್ಲ. ಬೆಳಿಗ್ಗೆ ಪಕ್ಕೆಗೆ ಮಂಡಿ ಒದ್ದದ್ದು ಯಾರು? ಬಲೆ. ಬಲೆಯ ಪಕ್ಕ. ಒಂದು ಕಣ್ಣಿಡಪ್ಪಾ. ಅವಳು ಎದ್ದಳು. ಮುಖ ಬದಲಾಗದ ಹಾಗೆ ಏಳುವುದಕ್ಕೆ ಅವಳ ಇಡೀ ಜನ್ಮದ ಶಕ್ತಿ ಬೇಕಾಯಿತು.

"ಉಪ್ಪಿಲ್ಲ ಚಟ್ನಿಗೆ," ಎಂದಳು. "ತರ್ತೀನಿ ಇರು. ನೀನು ಒಳಗೆ ಹೋಗ್ಬೇಡ, ಅವಳು ಎದ್ರೆ ಮತ್ತೆ ಮಲಗಲ್ಲ."

"ಉಪ್ಪು ಸರಿಯಾಗೇ ಇದೆಯಲ್ಲಮ್ಮಾ..."

ಮೂಲೆ ತಿರುಗುವ ತನಕ ನಡೆದಳು, ತಿರುಗಿದ ಮೇಲೆ ಓಡಿದಳು. ಅರವತ್ತು ದಾಟಿದ ಮೀನುಗಾರ್ತಿ ಬರಿ ತಲೆಯಲ್ಲಿ ಓಡುವುದನ್ನು ಜನ ನೋಡುತ್ತಿದ್ದರು, ನೋಡಲಿ. ಮರಳಿನಲ್ಲಿ ಕಾಲು ಹೂತುಹೋಗುತ್ತಿತ್ತು. ಈಗಲಾದರೂ ಯಾವುದೂ ಮರೆಯದಿರಲಿ, ಎಲ್ಲಿಗೆ ಓಡುತ್ತಿದ್ದೇನೆಂಬುದಾದರೂ ಮರೆಯದಿರಲಿ ಎಂದು ಬಾಯಿಬಿಟ್ಟೇ ಹೇಳಿಕೊಳ್ಳುತ್ತಿದ್ದಳು: ಬಲೆ, ಕೂಸು, ಬಲೆ, ಕೂಸು. ದೋಣಿಯ ನೆರಳು ಈಗ ಚಿಕ್ಕದಾಗಿತ್ತು. ಬಲೆ ಇತ್ತು, ಪಾ ಒಟೂ ಇರಲಿಲ್ಲ, ಹಗ್ಗದವರೂ ಇರಲಿಲ್ಲ. ಕೂಸೂ ಇರಲಿಲ್ಲ. ದೋಣಿಯ ಮೂತಿಯ ಆಚೆಯಿಂದ ಪಾ ಒಟೂ ಕೈಯಲ್ಲಿ ನೀರಿನ ಡಬ್ಬಿ ಹಿಡಿದು ಬರುತ್ತಿದ್ದ.

"ಎಲ್ಲೋ ಅವಳು?"

"ಯಾರು?"

"ಕೂಸು! ನಿನ್ನ ಹತ್ರ ಬಿಟ್ಟಿದ್ನಲ್ಲ!"

ಅವನು ಡಬ್ಬಿಯನ್ನು ಮರಳಿಗಿಳಿಸಿದ. "ನೀನು ಬಟ್ಟೆ ಬಿಗಿದ್ಕೊಂಡು ಹೋದ್ಯಲ್ಲೇ. ಬಲೆ ಹತ್ರ ಕೂಸು ಕಾಣ್ಲಿಲ್ಲ, ಎತ್ಕೊಂಡೇ ಹೋದೆ ಅಂದ್ಕೊಂಡೆ. ಆಮೇಲೆ ನಾವೆಲ್ಲ ಗಂಜಿಗೆ ಹೋದ್ವಿ."

ಅವಳು ಅವನ ಮಾತು ಮುಗಿಯಲು ಬಿಡಲಿಲ್ಲ. ದೋಣಿಗಳ ಸಂದುಸಂದಿನಲ್ಲಿ ಬಗ್ಗಿ ನೋಡುತ್ತ ನೀರಿನ ಕಡೆಗೆ ಇಳಿದಳು. ಕೊನೆಯ ಎರಡು ದೋಣಿಗಳ ನಡುವೆ, ನೊರೆ ಬಂದು ಹೋಗುವ ಜಾಗದಲ್ಲಿ, ಕೂಸು ನಿಂತಿತ್ತು. ಮಂಡಿಯವರೆಗೆ ನೀರು. ಅಲೆ ಹಿಂದಕ್ಕೆ ಹೋಗುವಾಗ ಕಾಲ ಕೆಳಗಿನ ಮರಳು ಜಾರಿ ಅದು ಒಂದು ಹೆಜ್ಜೆ ಮುಂದಕ್ಕೆ ವಾಲುತ್ತಿತ್ತು, ಸಾವರಿಸಿಕೊಂಡು ಕಡಲಿಗೆ ಬೆರಳು ತೋರಿಸುತ್ತಿತ್ತು. ಕೂಗೋಣವೆಂದರೆ ಹೆಸರು ಬರಲಿಲ್ಲ. ಅವ್ವ ಎಂಬುದೂ ಬರಲಿಲ್ಲ. ಹಿಂದಿನಿಂದ ಹೋಗಿ ಎರಡೂ ತೋಳಿನಲ್ಲಿ ಬಾಚಿಕೊಂಡಳು. ಕೂಸು ಬೆಚ್ಚಲಿಲ್ಲ, ಅಳಲಿಲ್ಲ. ತಿರುಗಿ ನೋಡಿ, ಉಪ್ಪಾದ ಬೆರಳುಗಳನ್ನು ಅವಳ ಬಾಯೊಳಗಿಟ್ಟಿತು. ಅದು ಇಷ್ಟು ಹೊತ್ತು ಅಮ್ಮ ಎಂದು ಕೂಗಿರಲಿಲ್ಲ, ಅಜ್ಜಿ ಎಂದು ಕೂಗಿರಲಿಲ್ಲ. ಕೂಗಲು ಬಾರದ ಕೂಸನ್ನು, ಮರೆತೆನೆಂದು ತಿಳಿಯದ ಮುದುಕಿ ಕಡಲಿನ ಬಾಯಿಗೆ ಬಿಟ್ಟು ಕೆಂಕಿ ತಿನ್ನುತ್ತ ಕೂತಿದ್ದಳು. ಹೊಗೆಯೋ, ಅವ್ವನೋ, ಅರ್ಧ ಮಾತ್ರೆಯೋ, ಮಂದ ಕಿವಿಯೋ. ಇಷ್ಟು ದಿನ ಒಂದೊಂದನ್ನೇ ಎತ್ತಿ ತೂಗುತ್ತಿದ್ದ ಅವಳಿಗೆ, ನೀರಿನಲ್ಲಿ ನಿಂತಾಗ, ತೂಗಬೇಕಾದದ್ದು ಅವು ಯಾವುವೂ ಅಲ್ಲ ಅನ್ನಿಸಿತು.

ಪಾ ಒಟೂ ದೂರದಲ್ಲೇ ನಿಂತಿದ್ದ. ಅವಳು ಹಾದು ಹೋಗುವಾಗ ತಲೆ ತಗ್ಗಿಸಿದ. "ನಾನು ಯಾರಿಗೂ ಹೇಳಲ್ಲ," ಎಂದ. ಅವಳಿಗೆ ಅವನು ಬೈದಿದ್ದರೆ ಚೆನ್ನಾಗಿತ್ತು.

ಹಿತ್ತಲ ಕಡೆಯಿಂದ ಅಂಗಳಕ್ಕೆ ಬಂದಳು. ಕೂಸಿನ ಒದ್ದೆ ಕಾಲು ನೋಡಿ ಎಕುವಾ ಎದ್ದಳು. "ಎದ್ದುಬಿಟ್ಲಾ? ಹಿಂದಿನಿಂದ ಯಾವಾಗ ಎತ್ಕೊಂಡು ಹೋದೆ?"

"ಒದ್ದೆ ಮಾಡ್ಕೊಂಡಿದ್ಲು. ತೊಳೆದೆ."

ಸುಳ್ಳು ಸಲೀಸಾಗಿ ಬಂತು, ಸಲೀಸಾಗಿ ನಂಬಿಕೆಯೂ ಆಯಿತು. ಎಕುವಾ ಮಗಳನ್ನು ಎತ್ತಿಕೊಂಡು ಕುತ್ತಿಗೆಗೆ ಮುತ್ತಿಟ್ಟಳು. ಕೂಸು ಅವಳ ಕಿವಿಯೋಲೆ ಹಿಡಿದು ಜಗ್ಗಿತು. ಸ್ವಲ್ಪ ಹೊತ್ತು ಹಾಗೇ ಆಡಿಸುತ್ತಿದ್ದು ಎಕುವಾ ನಿಟ್ಟುಸಿರಿಟ್ಟಳು. "ಆಯ್ತಮ್ಮ. ನಾನು ಜಗಳ ಆಡಲ್ಲ. ಈಸ್ಟರ್ ತನಕ ನಿನ್ನ ಹತ್ರಾನೇ ಇರ್ಲಿ. ಒಲೆ ಹತ್ರ ಬೆನ್ನಿಗೆ ಕಟ್ಕೊಬೇಡ, ಅಷ್ಟು ಮಾತ್ರ ನನ್ನ ಮಾತು ಕೇಳು. ನೀನಿಲ್ದೆ ಇವಳು, ಇವಳಿಲ್ದೆ ನೀನು... ನಂಗೂ ಗೊತ್ತಾಗುತ್ತೆ."

ಗೆದ್ದೆ. ಇಷ್ಟು ವಾರ ಇದಕ್ಕೇ ಹೋರಾಡಿದ್ದು. ಪಾ ಒಟೂ ಹೇಳುವುದಿಲ್ಲ, ಕೂಸು ಹೇಳುವುದಿಲ್ಲ, ಇನ್ನೊಂದು ಗಳಿಗೆ ಸುಮ್ಮನಿದ್ದರೆ ತಾನೂ ತನಗೆ ಹೇಳಿಕೊಳ್ಳುವುದಿಲ್ಲ. ಅದೇ ಅವಳನ್ನು ಹೆದರಿಸಿತು. ಮಂಡಿಯವರೆಗಿನ ನೀರು ಆಗಲೇ ಅಂಚಿನಲ್ಲಿ ಕರಗುತ್ತಿತ್ತು. ಅದು ಇವತ್ತು ಕಂಡದ್ದೋ, ಅವ್ವನದೋ, ಕನಸಿನದೋ ಎಂಬ ಅನುಮಾನ ಮೆಲ್ಲಗೆ ಒಳಗೆ ಬರುತ್ತಿತ್ತು.

"ಬೇಡ," ಎಂದಳು. "ಇವತ್ತೇ ಕರ್ಕೊಂಡು ಹೋಗು."

"ಏನಮ್ಮಾ?"

"ತಿರುಗು. ಬೆನ್ನು ಕೊಡು." ತನ್ನ ಎದೆಯ ಗಂಟು ಬಿಚ್ಚಿ ಬಟ್ಟೆ ಕೊಡವಿದಳು. ಎಕುವಾ ಬೆಪ್ಪಾಗಿ ಬಗ್ಗಿದಳು. ಕೂಸನ್ನು ಅವಳ ಬೆನ್ನಿಗೇರಿಸಿ, ಕಾಲುಗಳನ್ನು ಸೊಂಟದ ಎರಡೂ ಕಡೆಗೆ ಸರಿಸಿ, ಬಟ್ಟೆ ಸುತ್ತಿ ಎಳೆದಳು. ಬೆರಳುಗಳಿಗೆ ಒಂದಿಷ್ಟೂ ಗೊಂದಲವಿರಲಿಲ್ಲ.

"ಏನಾಯ್ತು ನಿಂಗೆ? ಈಗ ತಾನೆ ಕೊಡಲ್ಲ ಅಂತಿದ್ದೆ. ಯಾಕೆ ಅಂತಾದ್ರೂ ಹೇಳು."

ಹೇಳಬೇಕೆಂದೇ ಬಾಯಿ ತೆರೆದಳು. ಅಂಗಳದಲ್ಲಿ ಅಬಾ ಕೆಸರು ಕೈ ಎತ್ತಿ ಹಿಡಿದು ನೋಡುತ್ತಿದ್ದಳು. ನೀನೇನು ಕೂಸೇ ಎಂದು ಎಲ್ಲರೆದುರಿಗೆ ರಟ್ಟೆ ಹಿಡಿಯುವ ಮಗಳಲ್ಲ ಎಕುವಾ. ಆದರೂ ಬಾಯಿ ಮುಚ್ಚಿಕೊಂಡಿತು. "ಹೋಗು ಅಂದ್ರೆ ಹೋಗೇ. ಟ್ರೋಟ್ರೋ ತುಂಬಿ ಹೊರಟುಬಿಡುತ್ತೆ. ಯಾಕೆ ಅನ್ನೋದು ನಂಗೆ ಮರೆತುಹೋಗೋ ಮುಂಚೆ ಹೋಗು."

ಎಕುವಾ ತಮಾಷೆಯೆಂದುಕೊಂಡು ನಕ್ಕಳು, ಆಮೇಲೆ ತಾಯಿಯ ಮುಖ ನೋಡಿ ನಗು ನಿಲ್ಲಿಸಿದಳು. ರಸ್ತೆಯ ತಿರುವಿನ ತನಕ ಕೂಸು ಹಿಂದಕ್ಕೆ ತಿರುಗಿ ಅವಳಿಗೆ ಬೆರಳು ತೋರಿಸುತ್ತಲೇ ಹೋಯಿತು.

ಹೊತ್ತು ನೆತ್ತಿಯಿಂದ ಇಳಿದಾಗ ಅರಾಬಾ ಒಲೆಯ ಮುಂದೆ ಕೂತಿದ್ದಳು. ಅಬಾ ಕೈ ತೊಳೆದು ಬಂದು ಪಕ್ಕದಲ್ಲಿ ಕೂತು ಕೇಳಿಯೇ ಬಿಟ್ಟಳು.

"ಅಷ್ಟು ಹಟ ಹಿಡಿದೋಳು ಕೊಟ್ಟುಬಿಟ್ಯಲ್ಲೇ. ಯಾಕೆ?"

ಅರಾಬಾ ಹುಡುಕಿದಳು. ಒದ್ದೆ ಕಾಲುಗಳಿದ್ದವು, ಉಪ್ಪಿತ್ತು, ಯಾರೋ ತಲೆ ತಗ್ಗಿಸಿ ಯಾರಿಗೂ ಹೇಳಲ್ಲ ಎಂದಿದ್ದರು. ಏನನ್ನು ಎಂಬುದು ಇರಲಿಲ್ಲ. ಎದೆಯೊಳಗೆ ಸಿಟ್ಟು ಹುಟ್ಟುತ್ತಿತ್ತು. ಗಂಟು ಕಟ್ಟಿ ಕಳಿಸಿದವಳು ಯಾರು, ತನ್ನನ್ನು ಕೇಳದೆ? ಈಗಲೇ ಎದ್ದು ಟಕೊರಾಡಿಗೆ ಹೋಗಿ ಕಿತ್ತುಕೊಂಡು ಬರಬಹುದು, ಎಕುವಾ ಕೊಡದೆ ಇರುವವಳಲ್ಲ. ಮಣೆಯಿಂದ ಅರ್ಧ ಎದ್ದಳು. ಬೆಳಿಗ್ಗೆ ಇಲ್ಲೇ ನಿಂತಿದ್ದ ಆ ಹೆಂಗಸಿಗೆ, ಇದೇ ಕೈಯಿಂದ ಗಂಟು ಕಟ್ಟಿದ ಬೆಳಗಿನ ಅರಾಬಾಳಿಗೆ, ಏನೋ ಗೊತ್ತಿತ್ತು. ತನಗಿಂತ ಹೆಚ್ಚು ಗೊತ್ತಿತ್ತು. ಸುಮ್ಮಸುಮ್ಮನೆ ಕೂಸು ಕೊಟ್ಟುಬಿಡುವ ಹೆಂಗಸಲ್ಲ ಅವಳು.

"ನಂಗೊತ್ತಿಲ್ಲ," ಎಂದಳು ಅರಾಬಾ, ಮತ್ತೆ ಕೂರುತ್ತ. "ಅವಳಿಗೆ ಗೊತ್ತಿತ್ತು."

"ಯಾರಿಗೆ, ಎಕುವಾಗಾ?"

ಅರಾಬಾ ಎರಡು ಕೈಯಲ್ಲೂ ಮಣೆಯ ಅಂಚನ್ನು ಹಿಡಿದುಕೊಂಡು, ಏಳದೆ ಕೂತಳು.